ದೂಮಣ್ಣ ಶೆಟ್ಟಿಯ ಎಲೆಪೆಟ್ಟಿಗೆ

೨೦೨೪ ಜೂನ್ ೧೨, ಬುಧವಾರ

ಉಡುಪಿಯ ಕೋರ್ಟಿನಲ್ಲಿ ಇವತ್ತು ನಾನೂ ಲೊರ್ನಾಳೂ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅರ್ಜಿ ಹಾಕಿದೆವು. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ನಾವು ಪರಸ್ಪರ ಸಮ್ಮತಿಸಿದ ಮೊದಲ ವಿಷಯ ಇದು. ಇನ್ನು ಆರು ತಿಂಗಳು ಯೋಚಿಸಿ, ಡಿಸೆಂಬರಿನಲ್ಲಿ ಬಂದು ಮತ್ತೊಮ್ಮೆ 'ಹೌದು' ಎನ್ನಬೇಕಂತೆ. ಮದುವೆಗೆ ಮೊದಲು ಚರ್ಚಿನಲ್ಲಿ ನಮ್ಮ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಉಂಟೇ ಎಂದು ಕೇಳಲು ಕೊಟ್ಟದ್ದು ಮೂರು ಭಾನುವಾರ. ಯಾವುದಕ್ಕೆ ಹೆಚ್ಚು ಯೋಚಿಸಬೇಕಿತ್ತೋ ಅದಕ್ಕೆ ಕಡಿಮೆ ಸಮಯ.

ವಕೀಲ ಇಮ್ಯಾನುಯೆಲ್ ನಮ್ಮಿಬ್ಬರಿಗೂ ಒಬ್ಬನೇ. ಕಾರಣ ಏನೆಂದು ಬರೆಯಲಿ ಎಂದು ಲೊರ್ನಾಳನ್ನು ಕೇಳಿದ. ಅವಳು ಹೇಳಿದಳು:

"ಇವನಿಗೆ ಏನು ಕೇಳಿದರೂ ಉತ್ತರ ಬರುವುದಿಲ್ಲ. ಜೋಕು ಬರುತ್ತದೆ."

"ಒಂದರ ಬೆಲೆಗೆ ಎರಡು" ಎಂದೆ ನಾನು.

ಅವಳು ಇಮ್ಯಾನುಯೆಲ್ ಕಡೆ ತಿರುಗಿ, "ನೋಡಿ" ಎಂದಳು. ಅವನು ಬರೆದುಕೊಂಡ. ನನ್ನ ಜೋಕು ಸರ್ಕಾರಿ ದಾಖಲೆಗೆ ಸೇರಿದ್ದು ಇದೇ ಮೊದಲು.

ಅವಳು ಕಟಪಾಡಿಯ ಬಸ್ಸು ಹತ್ತಿದಳು, ತಾಯಿಯ ಮನೆಗೆ. ನಾನು ಮಣಿಪಾಲದ ಬಾಡಿಗೆ ಕೋಣೆಗೆ. ಕಾಪುವಿನಲ್ಲಿರುವ ನಮ್ಮ ಮನೆಗೆ ಒಂದೂವರೆ ವರ್ಷದಿಂದ ಬೀಗ. ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತೇನೆ. ಕೊಂಕಣಿಯಲ್ಲಿ ಜಗಳವಾಡಿ ಆಯಿತು, ಇಂಗ್ಲಿಷಿನಲ್ಲಿ ಪಾಠ ಹೇಳಿ ಆಯಿತು. ಈ ಸಂಸಾರದಲ್ಲಿ ಯಾರ ಪಕ್ಷವನ್ನೂ ವಹಿಸದೆ ಉಳಿದ ಭಾಷೆ ಇದೊಂದೇ.

ಜೂನ್ ೨೦, ಗುರುವಾರ

ಕಾಲೇಜಿನಲ್ಲಿ ಇಂಗ್ಲಿಷ್ ಐಚ್ಛಿಕಕ್ಕೆ ಈ ವರ್ಷ ಯಾರೂ ಸೇರಲಿಲ್ಲ. ಐಚ್ಛಿಕ ಎಂದ ಮೇಲೆ ಇಚ್ಛೆ ಬೇಡವೇ. ಹಾಗಾಗಿ ನನಗೆ ಹೊಸ ಉದ್ಯೋಗ: ಮಣಿಪಾಲದ ಒಂದು ಟ್ರಸ್ಟಿನ ದಾಖಲೆ ಭಂಡಾರದಲ್ಲಿ, ಹಿಂದಿನ ಕಾರ್ಕಳ ಮುನ್ಸೀಫ್ ಕೋರ್ಟಿನ ಹಳೇ ಸಿವಿಲ್ ಕಡತಗಳನ್ನು ಓದಿ ಸೂಚಿ ತಯಾರಿಸುವುದು. ಇಲ್ಲಿ ಕಡತಕ್ಕಿಂತ ಕಡಿತ ಜಾಸ್ತಿ. ಕಾಗದದ ಹುಳಕ್ಕೆ ವಾದಿ ಪ್ರತಿವಾದಿ ಭೇದವಿಲ್ಲ. ನೂರು ವರ್ಷ ಹೊಡೆದಾಡಿದ ಎರಡು ಪಕ್ಷಗಳಲ್ಲಿ ಕೊನೆಗೆ ಗೆದ್ದದ್ದು ಗೆದ್ದಲು.

ಭಂಡಾರದ ಮುಖ್ಯಸ್ಥ ದೇವದಾಸ ಎಂಬವರು, ಬ್ಯಾಂಕಿನಿಂದ ನಿವೃತ್ತರಾದವರು. ಎದುರಿಗೆ ಕಂಡದ್ದನ್ನೆಲ್ಲ ಹೆರಿಟೇಜ್ ಎನ್ನುತ್ತಾರೆ. ಚಹಾ ತಣ್ಣಗಾದರೂ ಹೆರಿಟೇಜ್ ಆಗುತ್ತದೇನೋ. ಸೂಚಿಯಲ್ಲಿ ನಾಲ್ಕು ಅಂಕಣ: ವಾದಿ, ಪ್ರತಿವಾದಿ, ವಿಷಯ, ಫಲ. ಒಂದು ಕಡತಕ್ಕೆ ಒಂದೇ ಸಾಲು ಸಾಕು, ಸಾಹಿತ್ಯ ಬೇಡ ಎಂದು ಅವರ ಅಪ್ಪಣೆ. ಇಂಗ್ಲಿಷ್ ಮೇಷ್ಟ್ರ ಮೇಲೆ ಅವರಿಗಿರುವ ಸಂಶಯ ಸರಿಯಾದದ್ದೇ.

ಜುಲೈ ೫, ಶುಕ್ರವಾರ

ಎರಡು ವಾರದಿಂದ ಓದುತ್ತಿದ್ದೇನೆ. ನಮ್ಮ ಜಿಲ್ಲೆಯ ಹಿರಿಯರ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. ಒಬ್ಬ, ನೆರೆಮನೆಯ ಕೋಳಿ ತನ್ನ ಅಂಗಳದಲ್ಲಿ ಮೊಟ್ಟೆ ಇಟ್ಟಿತು, ಮೊಟ್ಟೆ ಯಾರದು ಎಂದು ಕೋರ್ಟಿಗೆ ಹೋಗಿದ್ದಾನೆ. ಇನ್ನೊಬ್ಬ ಹಲಸಿನ ಮರದ ನೆರಳು ತನ್ನದೆಂದು ವಾದಿಸಿದ್ದಾನೆ. ಹಣ್ಣು ಬೇಡವಂತೆ, ನೆರಳು ಮಾತ್ರ. ಮುನ್ಸೀಫರು ಖುದ್ದಾಗಿ ಹೋಗಿ ಮಧ್ಯಾಹ್ನ ಆ ನೆರಳಿನಲ್ಲಿ ಕೂತು ಪರಿಶೀಲಿಸಿದರಂತೆ. ನಿದ್ದೆ ಬಂದಿತ್ತೋ ಇಲ್ಲವೋ, ಅದನ್ನು ಬರೆದಿಲ್ಲ.

ಫಲದ ಅಂಕಣದಲ್ಲಿ ನಾನು ಬಹಳ ಕಡೆ 'ಶೂನ್ಯ' ಎಂದು ಬರೆಯುತ್ತಿದ್ದೇನೆ. ದೇವದಾಸರು ಆಕ್ಷೇಪಿಸಿದರು. 'ವಜಾ' ಅಥವಾ 'ಡಿಕ್ರಿ' ಎಂದು ಬರೆಯಬೇಕಂತೆ. ವ್ಯತ್ಯಾಸ ಏನೆಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಜುಲೈ ೧೬, ಮಂಗಳವಾರ

ಈವರೆಗಿನ ದಡ್ಡರಿಗೆಲ್ಲ ದೊಡ್ಡವನು ಇವತ್ತು ಸಿಕ್ಕಿದ. ಹೆಸರು ದೂಮಣ್ಣ ಶೆಟ್ಟಿ, ಎರ್ಮಾಳಿನವನು. ೧೯೨೫ರಲ್ಲಿ ದಾವೆ ಹಾಕಿದ್ದಾನೆ. ಪ್ರತಿವಾದಿ ಕುಕ್ಕುಂದೂರಿನ ಪದ್ದು ಶೆಡ್ತಿ. ವಿಷಯ: ಒಂದು ಹಿತ್ತಾಳೆಯ ಎಲೆಪೆಟ್ಟಿಗೆ. ಅದನ್ನು ಅವಳ ಮನೆಯಲ್ಲಿ ಬಿಟ್ಟು ಬಂದಿದ್ದನಂತೆ, ಅವಳು ಹಿಂದೆ ಕೊಡುತ್ತಿಲ್ಲವಂತೆ.

ಪದ್ದು ಯಾರೆಂದರೆ ಅವನ ಹೆಂಡತಿ. ಅಳಿಯಸಂತಾನದ ಕುಟುಂಬ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಹೆಂಡತಿ ತನ್ನ ತಾಯಿಯ ಮನೆಯಲ್ಲೇ ಇರುತ್ತಾಳೆ, ಗಂಡ ಅಲ್ಲಿಗೆ ಹೋಗಿ ಬರುತ್ತಾನೆ. ಮನೆಯ ಯಜಮಾನ ಅವಳ ಸೋದರಮಾವ ಸಂಕಪ್ಪ ಶೆಟ್ಟಿ. ಕಂಬಳದ ಕೋಣದ ವಿಷಯದಲ್ಲಿ ಮಾವನಿಗೂ ದೂಮಣ್ಣನಿಗೂ ಮಾತು ಬೆಳೆದು, ಮಾವ ಇವನನ್ನು ಇನ್ನು ಅಂಗಳ ತುಳಿಯಬಾರದೆಂದು ಹೊರಗೆ ಹಾಕಿದ. ಪೆಟ್ಟಿಗೆ ಒಳಗೇ ಉಳಿಯಿತು.

ಇಷ್ಟಕ್ಕೆ ದಾವೆ. ಅದೂ ಮೂರು ವರ್ಷ. ಎಲೆ, ಅಡಿಕೆ, ಸುಣ್ಣ ಇಡುವ ಪೆಟ್ಟಿಗೆಗಾಗಿ ಮೂರು ವರ್ಷ ಸುಣ್ಣವಾದ ಮನುಷ್ಯ. ಮನೆಯಲ್ಲಿ ಹೆಂಡತಿ ಉಳಿದದ್ದು ಲೆಕ್ಕಕ್ಕೇ ಇಲ್ಲ. ಸೂಚಿಯಲ್ಲಿ ಬರೆದೆ: "ಎಲೆಪೆಟ್ಟಿಗೆಯ ವಸೂಲಿ. ಫಲ: ಶೂನ್ಯ."

ಆಗಸ್ಟ್ ೬, ಮಂಗಳವಾರ

ದೂಮಣ್ಣನ ಕಡತವನ್ನು ಮುಗಿಸಿ ಇಟ್ಟಿದ್ದೆ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ನಗೋಣವೆಂದು ಪುನಃ ತೆಗೆದೆ. ಪ್ರತಿ ಕಡತಕ್ಕೂ ಕೋರ್ಟಿನದೇ ಒಂದು ದಿನಚರಿ ಹಾಳೆ ಉಂಟು. ಯಾವ ತಾರೀಕಿಗೆ ಯಾರು ಬಂದರು, ಏನಾಯಿತು, ಮುಂದಿನ ವಾಯಿದೆ ಯಾವಾಗ ಎಂದು ಗುಮಾಸ್ತ ಅದರಲ್ಲಿ ಬರೆಯುತ್ತಾನೆ. ನನ್ನ ದಿನಚರಿಗಿಂತ ಚೆನ್ನಾಗಿ ಬರೆದಿದ್ದಾನೆ. ಯಾರ ಮೇಲೂ ಸಿಟ್ಟಿಲ್ಲ.

ಎರಡನೆಯ ವಾಯಿದೆಗೇ ಸಂಕಪ್ಪ ಶೆಟ್ಟಿ ಸೋದರಸೊಸೆ ಪದ್ದುವಿನ ಕೈಯಲ್ಲಿ ಪೆಟ್ಟಿಗೆ ಕೊಟ್ಟು ಕರೆದುಕೊಂಡು ಬಂದಿದ್ದಾನೆ. ತೆಗೆದುಕೊಂಡು ತೊಲಗು ಎಂದು ಅರ್ಥ. ದೂಮಣ್ಣ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಪ್ರಮಾಣ ಮಾಡಿ ಹೇಳಿದ್ದಾನೆ: ಇದು ನನ್ನದಲ್ಲ.

ತನ್ನ ಪೆಟ್ಟಿಗೆ ತನಗೆ ಗುರುತಿಲ್ಲ! ಎರ್ಮಾಳಿನಿಂದ ಪಡುಬಿದ್ರಿ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ನಡೆದು ಬಂದವನು, ಎದುರಿಗೆ ಇಟ್ಟದ್ದನ್ನು ಬೇಡವೆಂದು ಮತ್ತೆ ನಡೆದು ಹೋಗಿದ್ದಾನೆ. ಹಾಗಾದರೆ ನಿಜವಾದದ್ದು ಎಲ್ಲಿ ಎಂದು ಪದ್ದುವನ್ನು ಕೇಳಿದರೆ, ಅವಳ ಹೇಳಿಕೆ: "ಮನೆಯಲ್ಲಿ ಹುಡುಕಬೇಕು. ವಾಯಿದೆ ಬೇಕು." ಮುಂದಿನ ಸಲವೂ ಅದೇ. ಅದರ ಮುಂದಿನ ಸಲ ಅವಳು ತಂದದ್ದು ಕುಂಕುಮದ ಭರಣಿ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಮಿದುಳು, ಅದೂ ಕಂಬಳದ ಕೋಣದ ಹತ್ತಿರ ಬಾಡಿಗೆಗೆ ಪಡೆದದ್ದು.

ಆಗಸ್ಟ್ ೨೧, ಬುಧವಾರ

ತಮಾಷೆ ಏನೆಂದರೆ, ಯಾರೂ ಒಯ್ಯದೆ ಕೋರ್ಟಿನಲ್ಲೇ ಉಳಿದ ಆ ಮೊದಲ ಪೆಟ್ಟಿಗೆ ಈಗ ದೇವದಾಸರ ಮೇಜಿನ ಮೇಲೆ ಉಂಟು. ಕಡತದ ಜೊತೆಗೇ ಬಂದದ್ದಂತೆ. ಅದರಲ್ಲಿ ಅವರು ಕಾಗದದ ಕ್ಲಿಪ್ಪು ಹಾಕಿಟ್ಟಿದ್ದಾರೆ. ಹೆರಿಟೇಜ್ ಕ್ಲಿಪ್ಪು.

ಆಗಸ್ಟ್ ೩೦, ಶುಕ್ರವಾರ

ಏನೂ ಇಲ್ಲ. ಕಾಪುವಿನಿಂದ ಬರುತ್ತಾ ಕಟಪಾಡಿಯಲ್ಲಿ ಬಸ್ಸು ಬದಲಿಸುವಾಗ ಔಷಧಿ ಅಂಗಡಿಯ ಎದುರು ಲೊರ್ನಾಳ ಹಾಗೆ ಯಾರೋ ಕಂಡರು. ಅವಳಲ್ಲ. ಮಣಿಪಾಲಕ್ಕೆ ಕಟಪಾಡಿಯಲ್ಲಿ ಬಸ್ಸು ಬದಲಿಸಬೇಕಾಗಿಯೇ ಇರಲಿಲ್ಲ, ಆದರೆ ಆ ಬಸ್ಸಿನಲ್ಲಿ ಸೀಟು ಸರಿ ಇರಲಿಲ್ಲ.

ಸೆಪ್ಟೆಂಬರ್ ೮, ಭಾನುವಾರ

ತೆನೆ ಹಬ್ಬ. ನಿನ್ನೆ ಲೊರ್ನಾಳ ತಾಯಿ ರೇಚಲ್ ಅತ್ತೆ ಫೋನು ಮಾಡಿ ಊಟಕ್ಕೆ ಬರಲೇಬೇಕೆಂದಿದ್ದರು. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ಅಕ್ಕಿಯನ್ನು ಪಾಯಸಕ್ಕೆ ಹಾಕುವ ದಿನ ಮನೆಯವರೆಲ್ಲ ಒಂದೇ ಮೇಜಿಗೆ ಕೂರಬೇಕು. ದೂರದ ಊರಿನಲ್ಲಿರುವವರಿಗೆ ಒಂದೆರಡು ಕಾಳನ್ನಾದರೂ ಲಕೋಟೆಯಲ್ಲಿ ಕಳಿಸಬೇಕು. ನಾನು ಈಗ ಮನೆಯವನೇ ಎಂದು ಕೇಳಿದೆ. ಅತ್ತೆ ಹೇಳಿದರು: "ಕೋರ್ಟಿನ ಕಾಗದ ಬರುವವರೆಗೆ ಮನೆಯವನು. ಕಾಗದ ಬಂದ ಮೇಲೆ ಲಕೋಟೆ."

ಹೋದೆ. ಲೊರ್ನಾ ಬಡಿಸುತ್ತಿದ್ದಳು. ಮಾತಿಗೆ ಏನೂ ಇರಲಿಲ್ಲವಾದ್ದರಿಂದ ದೂಮಣ್ಣನ ಕಥೆ ತೆಗೆದೆ. ಒಳ್ಳೆಯ ಪ್ರದರ್ಶನ, ನಾನೇ ಹೇಳಬೇಕು. ಪೆಟ್ಟಿಗೆ ತಿರುಗಿಸಿ 'ನನ್ನದಲ್ಲ' ಎನ್ನುವ ಭಾಗಕ್ಕೆ ಸಾಂಬಾರಿನ ಪಾತ್ರೆಯನ್ನೇ ಎತ್ತಿ ತೋರಿಸಿದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಹೆಂಡತಿಯನ್ನು ಕಳಿಸಿಕೊಡಿ ಎಂದೇ ದಾವೆ ಹಾಕಬಹುದಿತ್ತಲ್ಲ ಎಂದು ಕೇಳಿದರು. ಆಗುತ್ತಿರಲಿಲ್ಲ ಎಂದು ವಿವರಿಸಿದೆ. ಆ ಕಾಲದ ಕೋರ್ಟುಗಳು ಅಳಿಯಸಂತಾನದವರ ಮದುವೆಯನ್ನು ಕಾನೂನಿನ ಮದುವೆ ಎಂದೇ ಒಪ್ಪುತ್ತಿರಲಿಲ್ಲ. ಹೆಂಡತಿಯ ಮೇಲೆ ಹಕ್ಕಿಲ್ಲ, ಪೆಟ್ಟಿಗೆಯ ಮೇಲೆ ಉಂಟು.

"ಸಮನ್ಸು ಬಂದರೆ ಆ ಮಾವ ಅವಳನ್ನು ಕಳಿಸಲೇಬೇಕಿತ್ತಾ?" ಎಂದು ಕೇಳಿದಳು ಲೊರ್ನಾ.

ಕಳಿಸಲೇಬೇಕು, ಕೋರ್ಟಲ್ಲವೇ ಎಂದೆ. ಪ್ರತಿ ಸಲವೂ ಇಬ್ಬರೂ ಹಾಜರಿದ್ದರು ಎಂದು ಬರೆದಿದೆ, ಜ್ವರ ಬಂದ ದಿನವೂ, ಹೊಳೆ ತುಂಬಿದ ದಿನವೂ. ಪೆಟ್ಟಿಗೆಯ ಹುಚ್ಚು ಎಂದರೆ ಅದು.

ಅವಳು ಸೌಟನ್ನು ಪಾತ್ರೆಯಲ್ಲಿ ಇಟ್ಟಳು.

"ಇವಾನ್, ಅವನಿಗೆ ಪೆಟ್ಟಿಗೆ ಬೇಡ ಮಾರಾಯ. ತಾರೀಕು ಬೇಕು."

ಪಾಯಸಕ್ಕೆ ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು.

ಸೆಪ್ಟೆಂಬರ್ ೯, ಸೋಮವಾರ

ಲೊರ್ನಾ ಫಿಸಿಯೋಥೆರಪಿಸ್ಟ್. ದಿನವಿಡೀ ಮುದುಕರ ಮೊಣಕಾಲು ಬಗ್ಗಿಸುವವಳು. ಕಡತದ ಒಂದು ಹಾಳೆಯನ್ನೂ ಓದದೆ ತೀರ್ಪು ಕೊಡುತ್ತಾಳೆ. ಇದಕ್ಕೆ ಆಧಾರ ಬೇಡವೇ ಎಂದು, ಅವಳ ಮಾತನ್ನು ಸುಳ್ಳು ಮಾಡುವ ಸಲುವಾಗಿಯೇ ಕಡತವನ್ನು ಮೊದಲಿನಿಂದ ಓದಿದೆ.

ದೇವದಾಸರು ಊಟಕ್ಕೆ ಹೋದಾಗ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಮೇಜಿಗೆ ಸುರಿದೆ. ಮುಚ್ಚಳದ ಒಳಬದಿಗೆ ಹಸಿರು ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಮೊಳೆಯಲ್ಲಿ ಗೀರಿದ ಎರಡು ಅಕ್ಷರ: ದೂ. ಶೆ.

ಕಳ್ಳ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾನೆ. ಅವಳು ಅದನ್ನು ಕೋರ್ಟಿಗೆ ತಂದವಳು, ಅಕ್ಷರ ಗೀರಿದ್ದನ್ನು ನೋಡಿರಲೇಬೇಕು. ಆದರೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಹುಡುಕಬೇಕಂತೆ!

ದೇವದಾಸರು ಬಂದು ಹೆರಿಟೇಜ್ ವಸ್ತುವಿಗೆ ಹುಣಸೆಹಣ್ಣು ಹಾಕುವವರುಂಟೇ ಎಂದು ಗದರಿದರು. ಕ್ಲಿಪ್ಪು ಹಾಕುವವರುಂಟು ಎಂದೆ. ಆ ಮೇಲೆ ಪೆಟ್ಟಿಗೆಯನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕಡತ ಒಂದು ಕಡೆ, ವಸ್ತು ಇನ್ನೊಂದು ಕಡೆ ಇರುವುದು ಸರಿಯಲ್ಲ. ಬೇರೇನೂ ಕಾರಣವಿಲ್ಲ.

ಅಕ್ಟೋಬರ್ ೭, ಸೋಮವಾರ

ಸೂಚಿ ಹಿಂದೆ ಬಿದ್ದಿದೆಯೆಂದು ದೇವದಾಸರ ದೂರು. ದೂಮಣ್ಣನ ಒಂದೇ ಕಡತಕ್ಕೆ ಒಂದು ತಿಂಗಳೇ ಎಂದರು. ಕೈಬರಹ ಕಷ್ಟ ಉಂಟು ಎಂದೆ. ಕಷ್ಟವೇನಿಲ್ಲ, ಮುತ್ತಿನಂತೆ ಉಂಟು.

ಗುಮಾಸ್ತನಿಗೆ ಮೊದಲೇ ತಿಳಿದಿತ್ತು ಎಂದು ಕಾಣುತ್ತದೆ. ಮೊದಮೊದಲು 'ವಾದಿ ಹಾಜರು, ಪ್ರತಿವಾದಿ ಹಾಜರು' ಎಂದು ಬೇರೆ ಬೇರೆ ಬರೆಯುತ್ತಿದ್ದವನು ಎರಡನೆಯ ವರ್ಷದಿಂದ 'ಇಬ್ಬರೂ ಹಾಜರು' ಎಂದು ಒಟ್ಟಿಗೆ ಬರೆಯುತ್ತಾನೆ. ವಾಯಿದೆಗಳನ್ನೂ ಹತ್ತಿರ ಹತ್ತಿರ ಕೊಟ್ಟಿದ್ದಾನೆ. ಒಂದು ಕಡೆ ಮಾತ್ರ, ಸಂಕಪ್ಪ ಶೆಟ್ಟಿ ಜಗಲಿಯಲ್ಲಿ ನಿದ್ದೆ ಹೋದುದರಿಂದ ಪಕ್ಷಗಾರರನ್ನು ಸಂಜೆಯವರೆಗೆ ಕರೆಯಲಾಗಲಿಲ್ಲ ಎಂದು ಬರೆದಿದ್ದಾನೆ. ಮಾವ ನಿದ್ದೆ ಹೋದರೆ ಪಕ್ಷಗಾರರನ್ನು ಕರೆಯಲು ಏನು ಅಡ್ಡಿ? ಸರ್ಕಾರದ ಸಂಬಳ ತಿಂದು ಇಂಥ ಕೆಲಸ.

ಇದನ್ನು ಲೊರ್ನಾಳಿಗೆ ಮೆಸೇಜು ಮಾಡಿದೆ. ಅವಳದ್ದೇನೂ ಗೆಲುವಲ್ಲ, ಮಾಹಿತಿಗಾಗಿ ಮಾತ್ರ ಎಂದು ಸೇರಿಸಿದೆ. "ನಂತರ?" ಎಂದು ಉತ್ತರ ಬಂತು.

ನವೆಂಬರ್ ೧೪, ಗುರುವಾರ

ನಂತರ ಎಂತ ಎಂದು ಹುಡುಕಲು ಇಷ್ಟು ದಿನ ಹಿಡಿಯಿತು. ಕೊನೆಯ ಹಾಳೆಗಳು ಬೇರೆ ಕಟ್ಟಿಗೆ ಸೇರಿದ್ದವು. ೧೯೨೮ರ ಒಂದು ತಾರೀಕಿಗೆ, ಮೊದಲ ಬಾರಿ, ಇಬ್ಬರೂ ಗೈರುಹಾಜರು. ಕೋರ್ಟು ನೋಟೀಸು ಕೊಟ್ಟು ಅಮೀನನನ್ನು ಕಳಿಸಿತು. ಅವನ ವರದಿಯನ್ನು ಪೂರ್ತಿ ನಕಲು ಮಾಡುತ್ತೇನೆ:

"ಪ್ರತಿವಾದಿಯು ಕುಕ್ಕುಂದೂರಿನ ಮನೆಯಲ್ಲಿ ಇರಲಿಲ್ಲ. ಸಂಕಪ್ಪ ಶೆಟ್ಟಿಯು ಆಕೆಯ ಹೆಸರು ಹೇಳಬಾರದೆಂದು ಬಾಗಿಲು ಹಾಕಿದನು. ಬಳಿಕ ಎರ್ಮಾಳಿಗೆ ಹೋಗಿ ವಾದಿಯನ್ನು ವಿಚಾರಿಸಲಾಗಿ, ಪ್ರತಿವಾದಿಯು ವಾದಿಯ ಮನೆಯಲ್ಲಿಯೇ ವಾಸವಾಗಿರುವಳು. ಆಕೆಯೇ ನನಗೆ ಬಾಳೆಲೆಯ ತುಂಡಿನಲ್ಲಿ ವೀಳ್ಯ ಕೊಟ್ಟಳು. ಪೆಟ್ಟಿಗೆ ಎಲ್ಲಿ ಎಂದು ಕೇಳಿದ್ದಕ್ಕೆ, ಕೋರ್ಟಿನಲ್ಲಿಯೇ ಇದೆ, ಇರಲಿ ಎಂದು ಇಬ್ಬರೂ ಹೇಳಿರುತ್ತಾರೆ. ಯಾರ ಪರವಾಗಿ ಯಾರ ಮೇಲೆ ನೋಟೀಸು ಜಾರಿ ಮಾಡಬೇಕೆಂದು ಅಪ್ಪಣೆಯಾಗಬೇಕು."

ಅಳಿಯಸಂತಾನದ ಹೆಣ್ಣು ತನ್ನ ಮನೆ, ತನ್ನ ಪಾಲು ಎಲ್ಲ ಬಿಟ್ಟು ಗಂಡನ ಮನೆಗೆ ಹೋಗುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಮುನ್ಸೀಫರು 'ದಾವೆ ವಜಾ' ಎಂದು ಬರೆದು ಸಹಿ ಮಾಡಿದ್ದಾರೆ.

ಲೊರ್ನಾಳಿಗೆ ಫೋಟೊ ಕಳಿಸಿದೆ. ಅವಳು ಫೋನೇ ಮಾಡಿದಳು. ಬಹಳ ಹೊತ್ತು ಮಾತನಾಡಿದೆವು. ದೂಮಣ್ಣನ ಬಗ್ಗೆ ಮಾತ್ರ.

ಡಿಸೆಂಬರ್ ೧೦, ಮಂಗಳವಾರ

ಇಮ್ಯಾನುಯೆಲ್ ಫೋನು: ಹದಿನಾರಕ್ಕೆ ಬರಬೇಕು, ಇಬ್ಬರೂ 'ಹೌದು' ಎನ್ನಬೇಕು, ಹತ್ತು ನಿಮಿಷದ ಕೆಲಸ. ಕಾಪುವಿನ ಮನೆಗೆ ಗಿರಾಕಿಯನ್ನೂ ನೋಡಿಟ್ಟಿದ್ದಾನಂತೆ. ಎಷ್ಟು ಚುರುಕು. ಇವನ ತಾತ ಕಾರ್ಕಳದಲ್ಲಿ ಗುಮಾಸ್ತನಾಗಿದ್ದಿದ್ದರೆ ದೂಮಣ್ಣ ಎರಡನೆಯ ವಾಯಿದೆಗೇ ಪೆಟ್ಟಿಗೆ ಹಿಡಿದುಕೊಂಡು ಒಬ್ಬನೇ ಎರ್ಮಾಳಿಗೆ ಹೋಗಬೇಕಿತ್ತು.

ಊಟ ರುಚಿಸಲಿಲ್ಲ. ಹೋಟೆಲಿನ ಅಡುಗೆ ಕೆಟ್ಟಿದೆ.

ಡಿಸೆಂಬರ್ ೧೬, ಸೋಮವಾರ

ಬೆಳಿಗ್ಗೆ ಬಸ್ಸಿನಲ್ಲಿ ಎರಡು ಒಳ್ಳೆಯ ಜೋಕು ತಯಾರು ಮಾಡಿಕೊಂಡು ಹೋಗಿದ್ದೆ, ಒಂದು ನ್ಯಾಯಾಧೀಶರಿಗೆ, ಒಂದು ಲೊರ್ನಾಳಿಗೆ. ಅವಳು ಮೊದಲೇ ಬಂದು ಬೆಂಚಿನಲ್ಲಿ ಕೂತಿದ್ದಳು. ನೀಲಿ ಸೀರೆ. ಬೆಂಚಿನಲ್ಲಿ ಜಾಗ ಇರಲಿಲ್ಲ, ಅವಳು ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡಳು. ಕೂತೆ.

ನಮ್ಮ ಹೆಸರು ಕರೆದರು. ನ್ಯಾಯಾಧೀಶರು ಹೆಂಗಸು, ತಲೆ ಎತ್ತದೆಯೇ, ಇಬ್ಬರೂ ಯೋಚಿಸಿದ್ದೀರಾ ಎಂದು ಕೇಳಿದರು. ಇಮ್ಯಾನುಯೆಲ್ ಕಾಗದವನ್ನು ಮುಂದೆ ತಳ್ಳಿದ.

"ಒಂದು ವಾಯಿದೆ ಬೇಕು" ಎಂದೆ ನಾನು.

ಈಗ ಅವರು ತಲೆ ಎತ್ತಿದರು. ಕಾರಣ ಕೇಳಿದರು. ನಮ್ಮ ಭಂಡಾರದಲ್ಲಿ ವರ್ಷಾಂತ್ಯದ ಎಣಿಕೆ ನಡೆಯುತ್ತಿದೆ ಎಂದೆ. ವಿಚ್ಛೇದನಕ್ಕೂ ಎಣಿಕೆಗೂ ಏನು ಸಂಬಂಧ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾನೂನಿನಲ್ಲಿ ಅರ್ಜಿ ಹಾಕಿದಂದಿನಿಂದ ಒಂದೂವರೆ ವರ್ಷದವರೆಗೆ ಅವಕಾಶ ಉಂಟೆಂದು ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಇಮ್ಯಾನುಯೆಲ್ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನ್ಯಾಯಾಧೀಶರು ಲೊರ್ನಾಳ ಕಡೆ ತಿರುಗಿ, ಆಕ್ಷೇಪಣೆ ಉಂಟೇ ಎಂದರು. ಅವಳು ಚೀಲದ ಹಿಡಿಯನ್ನು ಒಂದು ಸುತ್ತು ತಿರುಚಿದಳು.

"ಇಲ್ಲ" ಎಂದಳು.

ಫೆಬ್ರವರಿ ಮೂರು ಎಂದು ಬರೆದುಕೊಂಡರು.

ಹೊರಗೆ ಜಗಲಿಯಲ್ಲಿ ಅವಳು ನನ್ನನ್ನು ನಿಲ್ಲಿಸಿದಳು. ಅಲ್ಲಿ ಜನ ಇದ್ದರು, ಟೈಪಿನವರು, ಜಾಮೀನಿನವರು, ಕಡಲೆಕಾಯಿಯವನು.

"ಯಾಕೆ ಕೇಳಿದೆ, ಇವಾನ್?"

ಬಸ್ಸಿನಲ್ಲಿ ತಯಾರು ಮಾಡಿದ ಜೋಕು ಇತ್ತಲ್ಲ, ಅದು ನೆನಪಿಗೆ ಬರಲೇ ಇಲ್ಲ. ವಯಸ್ಸಾಯಿತು.

"ನಿನ್ನನ್ನು ಇನ್ನೊಂದು ಸಲ ನೋಡಬೇಕಿತ್ತು" ಎಂದೆ.

ಅವಳು ಕಾದಳು. ಅಭ್ಯಾಸಬಲ, ಹತ್ತೊಂಬತ್ತು ವರ್ಷದಿಂದ ನನ್ನ ಪ್ರತಿ ವಾಕ್ಯಕ್ಕೂ ಒಂದು ಬಾಲ ಬರುವುದನ್ನು ಕಂಡವಳು. ಬಾಲ ಬರಲಿಲ್ಲ. ಕಡಲೆಕಾಯಿಯವನು ನಮ್ಮಿಬ್ಬರ ನಡುವೆ ನುಗ್ಗಿ ಹೋದ.

"ಆ ಪೆಟ್ಟಿಗೆ ತೋರಿಸುತ್ತೀಯಾ?" ಎಂದು ಕೇಳಿದಳು.

ಶನಿವಾರ ಬಾ ಎಂದೆ. ಕಟಪಾಡಿಯ ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಏನೋ ಹೇಳಿದಳು, ಕಂಡಕ್ಟರನ ಸೀಟಿಯಲ್ಲಿ ಕೇಳಲಿಲ್ಲ. ಶನಿವಾರ ಕೇಳಬೇಕು.

ಡಿಸೆಂಬರ್ ೧೭, ಮಂಗಳವಾರ

ದೇವದಾಸರ ಕಾಟ ತಾಳಲಾರದೆ ದೂಮಣ್ಣನ ಸಾಲನ್ನು ಇವತ್ತು ಮುಗಿಸಿದೆ. ಫಲದ ಅಂಕಣದಲ್ಲಿದ್ದ 'ಶೂನ್ಯ'ವನ್ನು ಅಳಿಸಿ, 'ಇಬ್ಬರೂ ಎರ್ಮಾಳಿನಲ್ಲಿ ವಾಸ' ಎಂದು ಬರೆದೆ. ಇದು ಫಲವಲ್ಲ, ವಿಳಾಸ ಎಂದರು ದೇವದಾಸರು. ಬ್ಯಾಂಕಿನಲ್ಲಿದ್ದವರಿಗೆ ಎರಡಕ್ಕೂ ಬೇರೆ ಬೇರೆ ಅಂಕಣ ಬೇಕು. ಕೋಳಿಮೊಟ್ಟೆ, ಹಲಸಿನ ನೆರಳುಗಳ ಕಡತಗಳನ್ನೂ ಪುನಃ ತೆಗೆಸಿ ಮೇಜಿಗೆ ತರಿಸಿದ್ದೇನೆ. ಯಾವುದಕ್ಕೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಶನಿವಾರ ಲೊರ್ನಾ ಬರುತ್ತಾಳೆ. ಪೆಟ್ಟಿಗೆ ನನ್ನ ಕಪಾಟಿನಲ್ಲಿಯೇ ಉಂಟು, ಬೀಗದ ಕೈ ಕಿಸೆಯಲ್ಲಿ. ಆದರೂ ಇಷ್ಟು ದೊಡ್ಡ ಭಂಡಾರ, ಇಷ್ಟೊಂದು ಕಪಾಟು. ಹುಡುಕಬೇಕಾಗುತ್ತದೆ. ಮೊದಲ ಶನಿವಾರವೇ ಸಿಕ್ಕಬೇಕೆಂದು ಕಾನೂನೇನೂ ಇಲ್ಲ.